ಕುದುರೆ ದಾರಿ ಹಿಡಿದರೆ ಮಂಡಿ ನೋವಿನ ಅಮ್ಮಂದಿರೂ ನಡೆಯುತ್ತಾರೆ

ಊರಿಂದ ಬಂದ ಅಪ್ಪ ಅಮ್ಮಂದಿರನ್ನು ದಕ್ಷಿಣ ಇಂಗ್ಲೆಂಡಿನ ಸೌತ್ ಡೌನ್ಸ್ ಗುಡ್ಡದ ಮೇಲೆ ನಡೆಸುತ್ತೇನೆ ಅಂದಾಗ ಲಂಡನ್ನಿನ ಕ್ರಾಯ್ಡನ್‌ನ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಸುಮ್ನೆ ಲಂಡನ್ ಐ ತೋರಿಸಿ, ನೀಸ್ಡನ್ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಬನ್ನಿ. ಬಿದ್ದು ಸೊಂಟ ಮುರ್ಕೊಂಡ್ರೆ ಇನ್ಶೂರೆನ್ಸ್‌ನವನು ಕೊಡ್ತಾನಾ?" ಅಂತ ಒಬ್ಬರು ಗ್ರೂಪಿನಲ್ಲೇ ಹಾಕಿದರು. ಈ ಬೇಸಿಗೆಯಲ್ಲಿ ಅದೇ ಪುಣ್ಯಾತ್ಮರ ಅತ್ತೆ, ವಯಸ್ಸು 72ಓ 73ಓ, ಐದು ಕಿಲೋಮೀಟರ್ ಚಿಲ್ಲರೆ ನಡೆದು, ಬಸ್ ಸ್ಟಾಪಿನಲ್ಲಿ ಕೂತು "ಮುಂದಿನ ಸಲ ಎಲ್ಲಿಗಪ್ಪಾ?" ಅಂದರು. ಆಮೇಲೆ ಇನ್‌ಬಾಕ್ಸಿನಲ್ಲಿ ಬರೀ ಇದೇ ಪ್ರಶ್ನೆ, ಹೇಗೆ ಮಾಡಿದ್ರಿ, ಯಾವ ದಾರಿ, ಎಷ್ಟು ಖರ್ಚು. ಎಲ್ಲರಿಗೂ ಒಂದೇ ಉತ್ತರ ಇಲ್ಲಿ ಬರೆದುಬಿಡುತ್ತೇನೆ. ನಕ್ಷೆ ನೋಡೋದು, ಶೂ, ರೇನ್‌ಕೋಟು, ಇವೆಲ್ಲ ನಿಮಗೆ ಗೊತ್ತಿರೋದೇ.

ಮೊದಲು ಕೆಟ್ಟುಹೋದ ಪ್ರಯೋಗಗಳು. ಆಲ್ಫ್ರಿಸ್ಟನ್ ಹತ್ತಿರ ಲಲಿಂಗ್ಟನ್ ಅಂತ ಪುಟಾಣಿ ಚರ್ಚ್ ಇದೆ. ಹಳೆಯ ದೊಡ್ಡ ಚರ್ಚಿನ ಗರ್ಭಗುಡಿಯಂಥ ಭಾಗ ಮಾತ್ರ ಉಳಿದುಕೊಂಡಿರುವುದು. ಇಂಗ್ಲೆಂಡಿನ ಅತಿ ಚಿಕ್ಕ ಚರ್ಚುಗಳಲ್ಲಿ ಒಂದು, 20 ಜನ ಕೂತರೆ ತುಂಬಿತು. ನೋಡೋಕೆ ಅಷ್ಟು ಚೆಂದ, ಆದರೆ ಭಾನುವಾರ ಆ ಕಡೆ ಬಸ್ಸು ಕೈಕೊಟ್ಟರೆ ಮುಗೀತು. ಒಂದು ಬಸ್ ಬರಲೇ ಇಲ್ಲ, ಇನ್ನೊಂದಕ್ಕೆ ಕಾಯುತ್ತಾ ಕೂತ ನಾಲ್ಕು ಜನ ಹಿರಿಯರ ಮುಖ ನೋಡಿದರೆ ಸಾಕಿತ್ತು. ಟ್ಯಾಕ್ಸಿಗೆ 40 ಪೌಂಡ್ ಹತ್ತಿರ ಹೋಯ್ತು.

ಆಮೇಲೆ ಹ್ಯಾಸಕ್ಸ್ ಸ್ಟೇಷನ್ನಿನಿಂದ ಓಲ್ಡ್‌ಲ್ಯಾಂಡ್ ಗಾಳಿ ಗಿರಣಿ ನೋಡಿಕೊಂಡು ಡಿಚ್ಲಿಂಗ್‌ವರೆಗೆ. ನಕ್ಷೆಯಲ್ಲಿ ನೋಡಿದರೆ ಅಂಗೈಯಷ್ಟು ಸಮತಟ್ಟು. ಡಿಚ್ಲಿಂಗ್‌ನಲ್ಲಿ ಯೂನಿಟೇರಿಯನ್ ಅನ್ನೋ ಕ್ರೈಸ್ತ ಪಂಥದವರ ಹಳೇ ಪ್ರಾರ್ಥನಾ ಮಂದಿರವೂ ಇದೆ, ಗೋಪುರ ಗೀಪುರ ಏನೂ ಇಲ್ಲದ ಸಾದಾ ಚಾಪೆಲ್. ದಾರಿಯೇ ಕೈಕೊಟ್ಟಿತು. ಗುಡ್ಡದ ಉತ್ತರಕ್ಕೆ ಜೇಡಿಮಣ್ಣು ಜಾಸ್ತಿ, ಏಪ್ರಿಲ್‌ನಲ್ಲೂ ಶೂ ಕಚ್ಚಿ ಹಿಡಿಯುತ್ತೆ. ಅದರ ಮೇಲೆ ಬೇಲಿ ದಾಟುವ ಆ ಮರದ ಮೆಟ್ಟಿಲುಗಳು, ಸ್ಟೈಲ್ ಅಂತಾರಲ್ಲ. ಒಬ್ಬರು ಅಮ್ಮ ಎಡಗೈಯಲ್ಲಿ ಸೀರೆ ನೆರಿಗೆ ಮಂಡಿವರೆಗೆ ಎತ್ತಿ ಹಿಡಿದು, ಬಲಗೈಯಲ್ಲಿ ಕಂಬ ಹಿಡಿದು, ಒಂದು ಕಾಲು ಆಚೆ ಹಾಕಿ, ಹಲಗೆ ಮೇಲೆ ಹಾಗೇ ನಿಂತುಬಿಟ್ಟರು. ಇನ್ನೊಂದು ಕಾಲು ಎತ್ತೋಕೆ ಆಗದು, ಹಿಂದೆ ಬರೋಕೂ ಆಗದು. ಮೂರು ಜನ ಸೇರಿ ಇಳಿಸಿದೆವು. ಅಂಥ ಮೆಟ್ಟಿಲು ಆ ದಾರಿಯಲ್ಲಿ ಇನ್ನೂ ಬಾಕಿ ಇದ್ದವು.

ಅಲ್ಲಿಂದಲೇ ನನಗೆ ಹೊಳೆದದ್ದು. ದೂರ ಮುಖ್ಯ ಅಲ್ಲ, ಗೇಟು ಮುಖ್ಯ. ಕುದುರೆಗೆ ಸ್ಟೈಲ್ ದಾಟೋಕೆ ಆಗಲ್ಲ ಅಲ್ವಾ? ಹಾಗಾಗಿ ಕುದುರೆ ಸವಾರರಿಗೂ ಬಿಟ್ಟಿರುವ ಬ್ರೈಡಲ್‌ವೇಗಳಲ್ಲಿ ಮೆಟ್ಟಿಲಿರಲ್ಲ, ತೆರೆಯುವ ಗೇಟೇ ಇರುತ್ತೆ. ಆರ್ಡ್‌ನೆನ್ಸ್ ಸರ್ವೆ ಅನ್ನೋ ಸರ್ಕಾರಿ ಸಂಸ್ಥೆಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಹಸಿರು ಉದ್ದ ತುಂಡುಗೆರೆ ಬ್ರೈಡಲ್‌ವೇ, ಚಿಕ್ಕ ತುಂಡುಗೆರೆ ಫುಟ್‌ಪಾತ್. ಸ್ಥಳದಲ್ಲಿ ನೀಲಿ ಬಾಣ ಕುದುರೆಗೆ, ಹಳದಿ ಬಾಣ ಕಾಲ್ನಡಿಗೆಗೆ. ನೀಲಿಯನ್ನು ಮಾತ್ರ ಹಿಡಿದು ದಾರಿ ಜೋಡಿಸಿದೆ. ಮಳೆಗಾಲ ಚಳಿಗಾಲದಲ್ಲಿ ಕುದುರೆ ತುಳಿದು ಅದು ಕೆಸರುಗದ್ದೆ ಆಗುತ್ತೆ, ಅದಕ್ಕೇ ಮೇ ಇಂದ ಸೆಪ್ಟೆಂಬರ್ ಮಾತ್ರ. ಅದೂ ಸುಣ್ಣಕಲ್ಲಿನ ಗುಡ್ಡದ ಮೇಲೆ. ಅಲ್ಲಿ ನೀರು ಬೇಗ ಇಂಗುತ್ತೆ. ಆದರೆ ಒದ್ದೆ ಇದ್ದಾಗ ಆ ಬಿಳಿ ಕಲ್ಲು ಸೋಪಿನ ಹಾಗೆ ಜಾರುತ್ತೆ, ಹಿಂದಿನ ರಾತ್ರಿ ಮಳೆ ಬಂದಿದ್ದರೆ ನಾನು ಕ್ಯಾನ್ಸಲ್ ಮಾಡುತ್ತೇನೆ, ಯಾರು ಏನೇ ಬೈದುಕೊಳ್ಳಲಿ.

ಎರಡನೇ ನಿಯಮ, ಏರು ಕಾರಿಗೆ, ಇಳಿಜಾರು ಕಾಲಿಗೆ. ಈಸ್ಟ್ ಕ್ರಾಯ್ಡನ್‌ನಿಂದ ಹ್ಯಾಸಕ್ಸ್‌ಗೆ ಮುಕ್ಕಾಲು ಗಂಟೆ. ಸ್ಟೇಷನ್ನಿನಿಂದ ರೈಲು ಹಳಿಯ ಪಕ್ಕದಲ್ಲೇ ಒಂದು ಮೈಲಿ ಹೋದರೆ ಕ್ಲೇಟನ್. ಅಲ್ಲಿ ಸುರಂಗದ ಬಾಯಿಗೆ ಕೋಟೆಯ ಬುರುಜು ಕಟ್ಟಿದ್ದಾರೆ, ಎರಡು ಬುರುಜಿನ ಮಧ್ಯೆ ಮನೆ ಬೇರೆ! 1841ರ ಸುರಂಗ. 1861ರ ಆಗಸ್ಟಿನಲ್ಲಿ ಒಳಗೆ ಎರಡು ರೈಲು ಗುದ್ದಿ 23 ಜನ ಸತ್ತರು. ಇದನ್ನು ಹೇಳಿದ ತಕ್ಷಣ ಅಪ್ಪಂದಿರೆಲ್ಲ ಸಿಗ್ನಲ್ ವ್ಯವಸ್ಥೆ ಬಗ್ಗೆ ಚರ್ಚೆಗೆ ಇಳಿಯುತ್ತಾರೆ. ರಿಟೈರ್ಡ್ ರೈಲ್ವೆಯವರು ಒಬ್ಬರಿದ್ದರಂತೂ ಅರ್ಧ ಗಂಟೆ ಅಲ್ಲೇ.

ಪಕ್ಕದಲ್ಲೇ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚ್. ಹೊರಗಿನಿಂದ ನೋಡಿದರೆ ಏನೂ ಅಲ್ಲ. ಒಳಗೆ ಕಮಾನಿನ ಮೇಲೆ, ಗೋಡೆ ತುಂಬ, 1100ರ ಆಸುಪಾಸಿನ ಚಿತ್ರಗಳು. ಮಧ್ಯೆ ಯೇಸು, ಅಕ್ಕಪಕ್ಕ ಶಿಷ್ಯರು, ಬಣ್ಣ ಹೆಚ್ಚಾಗಿ ಕಾವಿ ಮತ್ತು ಹಳದಿ ಮಣ್ಣಿನದು. ಸುಣ್ಣದ ಅಡಿ ಮುಚ್ಚಿಹೋಗಿದ್ದವು 1890ರ ದಶಕದಲ್ಲಿ ಬೆಳಕಿಗೆ ಬಂದವು. ಹಾಸನದ ಕಡೆಯ ಒಬ್ಬರು ಅಮ್ಮ ಕತ್ತೆತ್ತಿ ನೋಡಿ, "ಶ್ರವಣಬೆಳಗೊಳದ ಮಠದ ಗೋಡೆ ನೆನಪಾಯ್ತು ಕಣೋ, ಅವರ ಕಣ್ಣು ನೋಡು" ಅಂದರು. ನಾನು ಎಷ್ಟೋ ಸಲ ಹೋಗಿಯೂ ಕಣ್ಣು ಗಮನಿಸಿರಲಿಲ್ಲ.

ಚರ್ಚಿನಿಂದ ಗುಡ್ಡದ ತಲೆಗೆ ನೂರು ಮೀಟರ್ ಏರು. ಇಲ್ಲೇ ನನ್ನ ಲೆಕ್ಕಾಚಾರ. ಬಳಗದ ಒಬ್ಬರು ಕಾರು ತಂದಿರುತ್ತಾರೆ, ಎರಡು ಟ್ರಿಪ್ಪಿನಲ್ಲಿ ಹಿರಿಯರನ್ನು ಗುಡ್ಡದ ಮೇಲಿನ ಗಾಳಿ ಗಿರಣಿಗಳ ಪಕ್ಕದ ಕಾರ್ ಪಾರ್ಕಿಗೆ ಬಿಡುತ್ತಾರೆ. ಕಾರಿಲ್ಲದ ದಿನ ಟ್ಯಾಕ್ಸಿ, 10 ಪೌಂಡ್ ಸುಮಾರು. ಯಾವ ಟ್ಯಾಕ್ಸಿಯವನು ಭಾನುವಾರವೂ ಹೇಳಿದ ಟೈಮಿಗೆ ಬರುತ್ತಾನೆ ಅನ್ನೋದು ನನ್ನ ಹತ್ತಿರವೇ ಇರಲಿ, ಎಲ್ಲರೂ ಕರೆದರೆ ನನಗೇ ಸಿಗಲ್ಲ.

ಮೇಲೆ ಎರಡು ಗಿರಣಿ, ಜ್ಯಾಕ್ ಮತ್ತು ಜಿಲ್. ಜ್ಯಾಕ್ 1866ರ ಇಟ್ಟಿಗೆ ಗೋಪುರ, ಖಾಸಗಿಯವರದು, ಹೊರಗಿನಿಂದ ನೋಡಿದರೆ ಸಾಕು. ಜಿಲ್ ಬಿಳಿ ಬಣ್ಣದ ಮರದ ಗಿರಣಿ. 1821ರಲ್ಲಿ ಬ್ರೈಟನ್ನಿನ ಡೈಕ್ ರೋಡಿನಲ್ಲಿ ಕಟ್ಟಿದ್ದನ್ನು 1852ರಲ್ಲಿ ಎತ್ತು ಕುದುರೆ ಕಟ್ಟಿ ಇಲ್ಲಿಗೆ ಎಳೆದು ತಂದರು. ಗಾಳಿ ಬಂದ ಕಡೆಗೆ ಇಡೀ ಮನೆಯೇ ಮಧ್ಯದ ಕಂಬದ ಮೇಲೆ ತಿರುಗುತ್ತೆ. ಬೇಸಿಗೆ ಭಾನುವಾರ ಮಧ್ಯಾಹ್ನ ಎರಡರಿಂದ ಐದು ತೆರೆದಿರುತ್ತೆ, ನಡೆಸುವವರೆಲ್ಲ ಸ್ವಯಂಸೇವಕರು. ಗಾಳಿ ಚೆನ್ನಾಗಿದ್ದರೆ ಗೋಧಿ ಬೀಸುತ್ತಾರೆ, ಹಿಟ್ಟೂ ಮಾರುತ್ತಾರೆ.

ಆ ಹಿಟ್ಟಿನ ಬಗ್ಗೆ ಒಂದು ಮಾತು. ಚಪಾತಿಗೆ ತಂದೆ. ತೌಡು ದಪ್ಪ, ಲಟ್ಟಿಸಿದರೆ ಅಂಚು ಬಿರಿಯುತ್ತೆ. ಬಿಸಿ ನೀರಲ್ಲಿ ಕಲಸಿ ಒಂದು ಗಂಟೆ ಬಿಟ್ಟೆ, ಪರವಾಗಿಲ್ಲ ಅನ್ನಿಸಿತು. ಅರ್ಧಕ್ಕರ್ಧ ನಮ್ಮ ಅಟ್ಟಾ ಬೆರೆಸಿದೆ, ಇನ್ನೂ ಸ್ವಲ್ಪ ಸರಿಹೋಯ್ತು. ಕೊನೆಗೆ ನನ್ನ ಹೆಂಡತಿ ಅದಕ್ಕೆ ಹುಳಿ ಮಜ್ಜಿಗೆ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ಗೋಧಿ ದೋಸೆ ಹೊಯ್ದಳು ನೋಡಿ, ಚಪಾತಿ ಯೋಚನೆಯನ್ನೇ ಬಿಟ್ಟೆ. ಊಟದ ಡಬ್ಬಿಗೂ ಹೀಗೇ ಪರೀಕ್ಷೆ ನಡೆಯಿತು. ಚಿತ್ರಾನ್ನ ಗುಡ್ಡದ ಗಾಳಿಗೆ ಮರಳಿನ ಹಾಗೆ ಬಿರುಸಾಗುತ್ತೆ. ಬಿಸಿಬೇಳೆ ಬಾತ್ ಫ್ಲಾಸ್ಕಿನಲ್ಲಿ ಚೆನ್ನಾಗಿರುತ್ತೆ, ಆದರೆ ಹೊರುವವರು ಯಾರು? ಗೊಜ್ಜವಲಕ್ಕಿ ಗೆದ್ದಿತು, ಮಧ್ಯಾಹ್ನವೂ ಮೆತ್ತಗೇ ಇರುತ್ತೆ. ಗಿರಣಿ ಹತ್ತಿರ ಗಾಳಿ ಬಡಿಯದೆ ಹದಿನೈದು ಜನ ಕೂತು ಉಣ್ಣುವ ಒಂದು ತಗ್ಗಿದೆ, ಅದನ್ನೂ ಇಲ್ಲಿ ಹೇಳಲ್ಲ, ಜೊತೆಗೆ ಬಂದವರಿಗೆ ತೋರಿಸುತ್ತೇನೆ.

ಅಲ್ಲಿಂದ ದಕ್ಷಿಣಕ್ಕೆ ಹೆಚ್ಚಾಗಿ ಇಳಿಜಾರು, ಕುರಿ ಮಂದೆ, ದೂರದಲ್ಲಿ ಸಮುದ್ರ. ನಿಧಾನ ನಡೆಯುವವರನ್ನೇ ಮುಂದೆ ಬಿಡಿ, ಉಳಿದವರು ತಾವಾಗೇ ಹೊಂದಿಕೊಳ್ಳುತ್ತಾರೆ. ಎರಡು ಮೂರು ಕಿಲೋಮೀಟರ್ ಆದಮೇಲೆ ಹುಲ್ಲಿನ ಮಧ್ಯೆ ಬಿಳಿ ಅಮೃತಶಿಲೆಯ ಮಂಟಪ, ಅದರ ಹೆಸರೇ ಛತ್ರಿ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ, ಸಿಖ್ಖರನ್ನು ಸುಟ್ಟದ್ದು ಈ ಜಾಗದಲ್ಲಿ. 1921ರ ಫೆಬ್ರವರಿಯಲ್ಲಿ ಅಂದಿನ ಪ್ರಿನ್ಸ್ ಆಫ್ ವೇಲ್ಸ್ ಮಂಟಪ ಉದ್ಘಾಟಿಸಿದರು. 2010ರಲ್ಲಿ ಪಕ್ಕದಲ್ಲಿ ಅಲ್ಲಿ ಸುಟ್ಟ 53 ಸೈನಿಕರ ಹೆಸರುಗಳ ಕಲ್ಲು ಹಾಕಿದರು. ಯಾರೂ ಹೇಳದೆಯೇ ಹಿರಿಯರು ಶೂ ಬಿಚ್ಚಿ ಬದಿಗಿಡುತ್ತಾರೆ, ಲೇಸ್ ಕಟ್ಟಿಕೊಳ್ಳೋಕೆ ಆಮೇಲೆ ಹತ್ತು ನಿಮಿಷ ಬೇಕು, ಅದನ್ನೂ ಟೈಮ್‌ಟೇಬಲ್ಲಿಗೆ ಸೇರಿಸಿಕೊಳ್ಳಿ. "ನಮ್ಮ ಮೈಸೂರಿನವರು ಇದ್ದಾರಾ?" ಅಂತ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಹೋರಾಡಿದ್ದು ಬೇರೆ ಕಡೆ, ಈಗಿನ ಇಸ್ರೇಲಿನ ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ಕ್ಕೆ. ಅಲ್ಲಿಂದ ಎ27 ಹೆದ್ದಾರಿಯ ಸೇತುವೆ ದಾಟಿದರೆ ಪ್ಯಾಚಮ್, ಬ್ರೈಟನ್ನಿಗೆ 5ನೇ ನಂಬರ್ ಬಸ್ಸು.

ಗಟ್ಟಿಮುಟ್ಟಾದವರಿದ್ದ ದಿನ ಹತ್ತಿರದ ಪೈಕೂಮ್ ಹಳ್ಳಿ ಕಡೆಗೂ ಹೋಗಿದ್ದೆವು. ಅಲ್ಲಿನ ಚರ್ಚಿನ ಗೇಟು ಬದಿಯಲ್ಲಿ ಅಲ್ಲ, ನಟ್ಟನಡುವಿನ ಗೂಟದ ಮೇಲೆ ತಿರುಗುತ್ತೆ. ಟ್ಯಾಪ್ಸೆಲ್ ಗೇಟ್ ಅಂತಾರೆ, ಸಸೆಕ್ಸಿನದೇ ವಿಶೇಷ. ಅಪ್ಪಂದಿರು ಮಕ್ಕಳ ಹಾಗೆ ಅದನ್ನೇ ತಿರುಗಿಸುತ್ತಾ ನಿಂತಿದ್ದರು. ಆದರೆ ದಾರಿ ಮಧ್ಯೆ ದೊಡ್ಡ ರಸ್ತೆ ದಾಟಬೇಕು, ಎಲ್ಲರಿಗೂ ಹೇಳಿಸಿದ್ದಲ್ಲ.

ದುಡ್ಡಿನ ಲೆಕ್ಕ. ಮಿನಿ ಬಸ್ಸಿನವನೊಬ್ಬ ದಿನಕ್ಕೆ 400 ಪೌಂಡ್ ಚಿಲ್ಲರೆ ಕೇಳಿದ್ದ. ರೈಲಿನಲ್ಲಿ ಮೂರರಿಂದ ಒಂಬತ್ತು ಜನ ಇದ್ದರೆ ಗ್ರೂಪ್‌ಸೇವ್, ಮೂರನೇ ಒಂದು ಭಾಗ ಕಡಿತ. ಸೀನಿಯರ್ ರೈಲ್‌ಕಾರ್ಡ್ ಭಾರತದ ಪಾಸ್‌ಪೋರ್ಟಿಗೂ ಕೊಡುತ್ತಾರೆ, 60 ಆಗಿದ್ದರೆ ಸರಿ, ಆದರೆ ಕಡಿತ ಗ್ರೂಪ್‌ಸೇವ್‌ನಷ್ಟೇ. ಈ ಒಂದು ನಡಿಗೆಗೆ ಅಂತ 35 ಪೌಂಡ್ ಕೊಟ್ಟು ಮಾಡಿಸಬೇಡಿ, ಎಡಿನ್‌ಬರೋ ಗಿಡಿನ್‌ಬರೋ ಪ್ಲಾನ್ ಇದ್ದರೆ ಮಾಡಿಸಿ. ಬಸ್ಸು, ಟ್ಯಾಕ್ಸಿ, ಚಹಾ ಎಲ್ಲ ಸೇರಿ ತಲೆಗೆ 20 ಪೌಂಡ್ ದಾಟಿದ್ದಿಲ್ಲ. ಊರುಗೋಲಿಗೆ ಮೊದಲೇ ದುಡ್ಡು ಹಾಕಿ, ಜೋಡಿಗೆ 20 ಪೌಂಡ್ ಒಳಗೇ ಬರುತ್ತೆ. "ನಾನೇನು ಮುದುಕಿನಾ?" ಅಂತ ಬೇಡ ಅಂದವರೇ ಅರ್ಧ ದಾರಿಯಲ್ಲಿ ಕೇಳಿ ಇಸ್ಕೊಳ್ಳುತ್ತಾರೆ. ಮತ್ತೆ ಶೌಚಾಲಯ: ಹ್ಯಾಸಕ್ಸ್ ಸ್ಟೇಷನ್ನಿನಲ್ಲೇ ಮುಗಿಸಿಕೊಂಡು ಹೊರಡಿ, ಗುಡ್ಡದ ಮೇಲೆ ನಂಬಿಕೊಳ್ಳಬೇಡಿ. ಹೊರಡುವ ಹಿಂದಿನ ದಿನ ಹಳಿ ರಿಪೇರಿ ಇದೆಯಾ ನೋಡಿ, ಭಾನುವಾರವೇ ಅವರಿಗೆ ಆ ಕೆಲಸ.

ಇನ್ನೊಂದು, ಅಪ್ಪ ಅಮ್ಮನಿಗೆ ವಿಮಾನದ ಟಿಕೆಟ್ ತೆಗೆಯುವಾಗ ಮಕ್ಕಳ ರಜಾ ಅಂತ ಜುಲೈ ಕೊನೆಗೆ ತೆಗೀಬೇಡಿ. ಟಿಕೆಟ್ ದುಬಾರಿ, ಬಂದ ಮೇಲೆ ಜೆಟ್ ಲ್ಯಾಗು, ನೆಂಟರ ಮನೆ ಅಂತ ಆಗಸ್ಟ್ ಹೋಗಿರುತ್ತೆ, ಸೆಪ್ಟೆಂಬರ್ ಮುಗಿದರೆ ಜಿಲ್ ಬಾಗಿಲು ಹಾಕುತ್ತೆ. ಮೇ ಮೊದಲ ವಾರಕ್ಕೆ ಕರೆಸಿ.