ಅಜೋಲಾ ಗುಂಡಿಗೆ ಯೂರಿಯಾ ಬೇಡ, ಸೂಪರ್ ಫಾಸ್ಫೇಟ್ ಮರೀಬೇಡಿ

ಮಂಡ್ಯ ಕಡೆ ಡೇರಿಗೆ ಹಾಲು ಹಾಕೋ ಮನೆಗಳಲ್ಲಿ ಹಿಂಡಿ ಬೂಸಾ ರೇಟಿನ ಮಾತು ಬಂದ್ರೆ, ಗುಂಡಿ ನೀರಲ್ಲಿ ಬೆಳೆಸಿ ಹಸೂಗೆ ಮೇವಾಗಿ ಕೊಡೋ ಅಜೋಲಾ ಮಾತೂ ಬಂದೇ ಬರುತ್ತೆ. ಶುರು ಮಾಡ್ದೋರು ಬೇಕಾದಷ್ಟು ಜನ, ಉಳಿಸ್ಕೊಂಡೋರು ಕಮ್ಮಿ. ಗುಂಡೀಲಿ ಇರೋದು ಒಂದೇ ಜೀವ ಅಂದ್ಕೊಂಡು ಸಾಕ್ತಾರೆ, ಅಲ್ಲಿರೋದು ಎರಡು.

ಅಜೋಲಾ ನೋಡೋಕೆ ಪಾಚಿ ಅನ್ನಿಸಿದ್ರೂ ಅದು ನೀರ ಮೇಲೆ ತೇಲೋ ಜರೀಗಿಡ. ಒಂದೊಂದು ಎಲೆ ಒಳಗೂ ಸಣ್ಣ ಗೂಡು, ಗೂಡಲ್ಲಿ ಅನಬೀನಾ ಅನ್ನೋ ಸಯನೋಬ್ಯಾಕ್ಟೀರಿಯಾ, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ನೀಲಿ ಹಸಿರು ಜೀವಿ. ಗಾಳೀಲಿರೋ ಸಾರಜನಕನ ಗಿಡಕ್ಕೆ ದಕ್ಕೋ ಹಾಗೆ ಮಾಡೋದು ಇದೇ. ಸ್ವೀಡನ್ ಕಡೆ ಕಾಡಲ್ಲಿ ನೆಲದ ಪಾಚಿ ಜೊತೆ ನಾಸ್ಟಾಕ್ ಅನ್ನೋ ಇನ್ನೊಂದು ಸಯನೋಬ್ಯಾಕ್ಟೀರಿಯಾ ಇದೇ ಕೆಲಸ ಮಾಡುತ್ತೆ ಅಂತ 2002ರಲ್ಲಿ ಗೊತ್ತಾಯ್ತು, ಆದ್ರೆ ಅಲ್ಲಿ ಅದು ಹೊರಗಿಂದ ಬಂದು ಸೇರ್ಕೊಳ್ಳೋದು, ಇಲ್ಲಿ ಅನಬೀನಾ ತಾಯಿ ಗಿಡದಿಂದ ಮರಿಗೆ ಜೊತೇಲೇ ಹೋಗುತ್ತೆ, ಗಿಡ ಬಿಟ್ಟು ಬದುಕೋ ಶಕ್ತಿನೇ ಅದಕ್ಕಿಲ್ಲ.

ಈಗ ಗುಂಡಿ. ಅರ್ಧ ನೆರಳಿರೋ ಜಾಗ ನೋಡ್ಕೊಳ್ಳಿ, ತೆಂಗಿನ ಮರದಡಿ ಬೇಡ, ಗರಿ ಬಿದ್ರೆ ಶೀಟ್ ಹರೀತು ಅಂತ್ಲೇ. 2 ಮೀಟರ್ ಉದ್ದ, 2 ಮೀಟರ್ ಅಗಲಕ್ಕೆ ಸುತ್ತ ಇಟ್ಟಿಗೆ ನಿಲ್ಲಿಸಿ ಒಳಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ. ಜರಡಿ ಹಿಡಿದ ಮಣ್ಣು 10–15 ಕೆಜಿ ಹರಡಿ, 2 ಕೆಜಿ ಸಗಣಿ, 30 ಗ್ರಾಂ ಸೂಪರ್ ಫಾಸ್ಫೇಟ್ ಎರಡನ್ನೂ 10 ಲೀಟರ್ ನೀರಲ್ಲಿ ಕದಡಿ ಹುಯ್ಯಿರಿ, ಆಮೇಲೆ ಅರ್ಧ ಗೇಣು ನೀರು ನಿಲ್ಲಿಸಿ. ಬೀಜಕ್ಕೆ ಅರ್ಧದಿಂದ 1 ಕೆಜಿ ಅಜೋಲಾ ಸಾಕು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ಇರೋ ವಿ.ಸಿ. ಫಾರಂ ಕಡೆ ಹೋದಾಗ ಕೇಳಿ ನೋಡಿ, ಇಲ್ಲಾಂದ್ರೆ ಬೆಳೆಸಿರೋ ಪಕ್ಕದ ಊರೋರ ಹತ್ರ ಒಂದು ಬಾಂಡ್ಲಿ ಇಸ್ಕೊಳ್ಳಿ. 10–15 ದಿನಕ್ಕೆ ಗುಂಡಿ ಮುಚ್ಚುತ್ತೆ, ಆಮೇಲೆ ದಿನಾ ಅರ್ಧ ಕೆಜಿ ತೆಗೀಬೋದು.

ಎಲೆ ಕೆಂಪಗಾದ ತಕ್ಷಣ ಯೂರಿಯಾ ಎರಚೋರಿದಾರೆ. ಖಂಡಿತ ಬೇಡ. ನೀರಲ್ಲೇ ಸಾರಜನಕ ಸಿಕ್ಕಿದ್ರೆ ಅನಬೀನಾ ತನ್ನ ಕೆಲಸ ಕಮ್ಮಿ ಮಾಡ್ಕೊಳ್ಳುತ್ತೆ, ಬೇಡದ ಪಾಚಿ ಕೊಬ್ಬುತ್ತೆ. ಸಾರಜನಕ ಹಿಡಿಯೋಕೆ ಶಕ್ತಿ ತುಂಬಾ ಖರ್ಚಾಗುತ್ತೆ, ಅದಕ್ಕೆ ರಂಜಕ (ಫಾಸ್ಫರಸ್) ಬೇಕು, ಅದು ಸಾಲ್ದಿದ್ರೆ ಎಲೆ ಕೆಂಪಾಗುತ್ತೆ, ರಂಜಕ ಗಾಳೀಲಿ ಸಿಗಲ್ವಲ್ಲ. ಅದಕ್ಕೇ 5 ದಿನಕ್ಕೊಂದ್ಸಲ 20 ಗ್ರಾಂ ಸೂಪರ್ ಫಾಸ್ಫೇಟ್, 1 ಕೆಜಿ ಸಗಣಿ. ಬಿಸಿಲು ಜಾಸ್ತಿಯಾದ್ರೂ ಕೆಂಪಾಗುತ್ತೆ, ನೆರಳು ಬಲೆ ಕಟ್ಟಿ ನೋಡಿ. 10 ದಿನಕ್ಕೊಮ್ಮೆ ಕಾಲು ಭಾಗ ನೀರು, ತಿಂಗಳಿಗೊಮ್ಮೆ 5 ಕೆಜಿ ಮಣ್ಣು ಬದಲಾಯಿಸಿ.

ಎಲೆ ಒಳಗೆ ಅನಬೀನಾ ಇದೆ ಅಂದ್ರೆ ನಂಬಿಕೆ ಬರ್ಲಿಲ್ವಾ, ಮನೇಲಿ ಪಿಯುಸಿ ಸೈನ್ಸ್ ಓದೋ ಮಕ್ಕಳಿದ್ರೆ ಕಾಲೇಜಿನ ಮೈಕ್ರೋಸ್ಕೋಪಲ್ಲಿ ನೋಡೋಕೆ ಹೇಳಿ. ಒಂದು ಎಲೆ ಸ್ಲೈಡ್ ಮೇಲಿಟ್ಟು ಕವರ್ ಸ್ಲಿಪ್ ಒತ್ತಿದ್ರೆ ಮಣಿಸರದ ಥರ ನೀಲಿ ಹಸಿರು ಎಳೆಗಳು ಈಚೆ ಬರ್ತವೆ, ಮಧ್ಯೆ ಮಧ್ಯೆ ಕೆಲವು ಮಣಿ (ಜೀವಕೋಶ) ಸ್ವಲ್ಪ ದಪ್ಪ, ಬಣ್ಣ ಮಂಕು. ಸಾರಜನಕ ಹಿಡಿಯೋದು ಆ ದಪ್ಪನೆಯವು, ಅವುಗಳ ಒಳಗಿನ ಕಿಣ್ವ ಆಕ್ಸಿಜನ್ ತಾಗಿದ್ರೆ ಕೆಟ್ಟೋಗುತ್ತೆ ಅಂತ ಗೋಡೆ ಗಟ್ಟಿ ಮಾಡ್ಕೊಂಡಿರ್ತವೆ.

ಹಸೂಗೆ ಕೊಡೋ ಮುಂಚೆ ಚೆನ್ನಾಗಿ ತೊಳೀರಿ, ಸಗಣಿ ವಾಸ್ನೆ ಬಂದ್ರೆ ಮೂತಿ ತಿರುಗಿಸ್ತವೆ. ಮೊದಮೊದಲು ಹಿಂಡಿ ಜೊತೆ ಕಲಸಿ ಇಡಿ. ಗದ್ದೆಗೆ ಬಿಡೋರು ನಾಲೆ ನೀರು ಬಂದು ನಾಟಿ ಆಗಿ ಒಂದು ವಾರಕ್ಕೆ ಬಿಟ್ಟು, ಗದ್ದೆ ಮುಚ್ಚಿದ್ಮೇಲೆ ನೀರು ಬಸಿದು ಕಳೆ ತೆಗೆಯೋ ವೀಡರ್ ಹೊಡೆದು ಮಣ್ಣಿಗೆ ಸೇರಿಸ್ಬೇಕು. ಸುಮ್ನೆ ತೇಲ್ತಾ ಇದ್ರೆ ಭತ್ತಕ್ಕೆ ಅಷ್ಟೇನೂ ಸಿಗಲ್ಲ, ಕೊಳೆತ್ರೇನೇ ಸಾರಜನಕ ಬಿಡೋದು.