ಒಂದು ಕಲ್ಲೂ ಕದಲಿಸದೆ ಡೊಮಿನೊ ಮೀನು ಹಿಡಿದದ್ದು: ನನ್ನ ಅನುಭವ

ನಾಲ್ಕಡಿ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕೋ ಉಪ್ಪುನೀರಿನ ತೊಟ್ಟಿಯಲ್ಲಿ, ಡೊಮಿನೊ ಡ್ಯಾಮ್ಸೆಲ್ ಅನ್ನೋ ಮೀನು ಬೆಳೆದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಂದಿಂಚು ಇದ್ದಾಗ 150 ರೂಪಾಯಿಯ ಮುದ್ದು ಮರಿ. ಮೂರೂವರೆ ಇಂಚಾಗುವಷ್ಟರಲ್ಲಿ ಬಿಳಿ ಚುಕ್ಕೆ ಮಾಸಿ ರೌಡಿ. ಫೈರ್‌ಫಿಶ್ ಎರಡೂ ನೀರು ಹೊರಹರಿಯೋ ಓವರ್‌ಫ್ಲೋ ಪಾಲು, ಕ್ಲೌನ್ ಮೀನಿನ ಜೋಡಿ ಮೂಲೆಗುಂಪು. "ಕಲ್ಲೆಲ್ಲ ಹೊರಗೆ ತೆಗೀದೆ ಅದು ಸಿಗಲ್ಲ" ಅಂದವರೇ ಎಲ್ಲ. 35 ಕೆಜಿ ಲೈವ್ ರಾಕ್ ಇದ್ದ ಜಾಗದಲ್ಲೇ ಇದೆ, ಮೀನು ಯಲಹಂಕದಲ್ಲಿ ಬೇರೆಯವರ ಟ್ಯಾಂಕಿನಲ್ಲಿದೆ.

ಮೊದಲು ದುಡ್ಡು ಹೋದ ಲೆಕ್ಕ. ರಾತ್ರಿ ಟಾರ್ಚ್ ಹಿಡಿದು ಎರಡು ಬಲೆ ಹಾಕಿದ್ದಕ್ಕೆ ಮುರಿದದ್ದು ಒಂದು ಮಾಂಟಿಪೋರಾ ಹವಳ, ಸುಮಾರು 1,800 ರೂಪಾಯಿಯದ್ದು. ಕೆಂಪು ಬೆಳಕಲ್ಲಿ ಮೀನಿಗೆ ಕಾಣಲ್ಲ ಅಂತಾರಲ್ಲ, ಅದನ್ನೂ ನೋಡಿದೆ, ಚೆನ್ನಾಗೇ ಕಾಣುತ್ತೆ. ಬಾಟಲ್ ಟ್ರಾಪಿಗೆ ಕ್ಲೀನರ್ ಸೀಗಡಿ ನಾಲ್ಕು ಸಲ ಬಿತ್ತು, ಡೊಮಿನೊ ಒಮ್ಮೆಯೂ ಇಲ್ಲ.

ಕೊನೆಗೆ 4 ಎಂಎಂ ಅಕ್ರಿಲಿಕ್‌ನಲ್ಲಿ 12×6×6 ಇಂಚಿನ ಪೆಟ್ಟಿಗೆ ಮಾಡಿದೆ. ಮೇಲಿಂದ ಬೀಳುವ ಬಾಗಿಲು, ಗಾಳದ ದಾರ, ನೀರಾಡೋಕೆ ಪಕ್ಕಕ್ಕೆ ತೂತು. ಅಂಟು ಸೇರಿ 450ರ ಆಸುಪಾಸು. ಬಾಗಿಲ ಜಾಡು ಒಂದೂವರೆ ಎಂಎಂ ಸಡಿಲ ಇರಲಿ. ಬಿಗಿಯಾದರೆ ನೀರಲ್ಲಿ ತೇಲಿದ ಹಾಗೆ ನಿಧಾನ ಇಳಿಯುತ್ತೆ, ಅಷ್ಟರಲ್ಲಿ ಮೀನು ಹೊರಗೆ. ಬಾಗಿಲಿಗೆ ಭಾರ ಏನು ಕಟ್ಟಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಕಬ್ಬಿಣವಂತೂ ಅಲ್ಲ.

ಎಲ್ಲರೂ ಎಡವೋದು ಆತುರದಲ್ಲಿ. ಐದು ದಿನ ಬಾಗಿಲು ಮುಟ್ಟಬೇಡಿ. ಊಟ ಪೆಟ್ಟಿಗೆಯೊಳಗೆ ಮಾತ್ರ, ಪೈಪಿನಲ್ಲಿ ಮೈಸಿಸ್ ಅನ್ನೋ ಪುಟ್ಟ ಸೀಗಡಿ. ಮೊದಲ ಎರಡು ದಿನ ಕ್ಲೌನ್ ತಿಂತು, ಮೂರನೇ ದಿನ ಡೊಮಿನೊ ಅದನ್ನು ಓಡಿಸಿ ತಾನೇ ಕೂತಿತು. ಪೆಟ್ಟಿಗೆಯ ಹಿಂದೆ ಚಿಕ್ಕ ಕನ್ನಡಿ ಇಟ್ಟೂ ನೋಡಿದೆ. ಗುದ್ದೋಕೆ ನುಗ್ಗಿ ಬರುತ್ತೆ ನಿಜ, ಆದರೆ ಆ ರಭಸದಲ್ಲಿ ಮೂತಿ ಗಾಯ. ಬೇಡ. ಆರನೇ ದಿನ ದಾರ ಬಿಟ್ಟೆ, ಮೊದಲ ಸಲಕ್ಕೇ ಬಿತ್ತು.

ಪೆಟ್ಟಿಗೆಯಿಂದ ಬಕೆಟ್ಟಿಗೆ ಡಬ್ಬದಲ್ಲೇ ಎತ್ತಬೇಕು. ಬಲೆಗೆ ರೆಕ್ಕೆಮುಳ್ಳು ಸಿಕ್ಕಿಕೊಳ್ಳುತ್ತೆ. ಯಲಹಂಕದ್ದು ಆರಡಿ ಟ್ಯಾಂಕ್, ಹವಳ ಇಲ್ಲ, ನೈಜರ್ ಟ್ರಿಗರ್ ಮತ್ತು ಫಾಕ್ಸ್‌ಫೇಸ್ ಮೀನುಗಳಿವೆ, ನೀರಿನ ಸಾಂದ್ರತೆ (ಉಪ್ಪಿನ ಅಳತೆ) 1.020. ನನ್ನದು 1.025. ಹಾಗಾಗಿ ಉಪ್ಪು ಇಳಿಸೋ ಕೆಲಸ ಮನೆಯಲ್ಲೇ ಮುಗಿಸಿದೆ: 12 ಲೀಟರ್ ಟ್ಯಾಂಕ್ ನೀರಿಗೆ 3 ಲೀಟರ್ ಆರ್‌ಓ ನೀರು, ಮೂರು ಗಂಟೆ ಹನಿಹನಿಯಾಗಿ ಡ್ರಿಪ್, ಏರ್‌ಸ್ಟೋನ್ ಓಡುತ್ತಿರಲಿ, ಮುಚ್ಚಳ ಬಿಗಿ. ಇಳಿಸೋದನ್ನು ಮೀನು ತಡೆದುಕೊಳ್ಳುತ್ತೆ. ಅದೇ 1.020ರಿಂದ ಮೇಲಕ್ಕೆ ಏರಿಸೋದಾದರೆ ದಿನಗಟ್ಟಲೆ ತಗೊಳ್ಳಿ.

ಹೊರಡೋ 24 ಗಂಟೆ ಮೊದಲಿಂದ ಉಪವಾಸ. ಮೀನು ಒಯ್ಯೋ ಪ್ಲಾಸ್ಟಿಕ್ ಕವರಿಗೆ ಬಕೆಟ್ ನೀರಲ್ಲ, ಹಿಂದಿನ ದಿನವೇ 1.020ಕ್ಕೆ ಕಲಸಿ ಏರ್ ಕೊಟ್ಟ ಹೊಸ ನೀರು, 26 ಡಿಗ್ರಿ. ಎರಡು ಕವರ್, ಮೂಲೆಗೆ ಟೇಪ್, ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಅಂಗಡಿಯಲ್ಲಿ ತುಂಬಿಸೋಕೆ 30 ರೂಪಾಯಿ. ಥರ್ಮೋಕೋಲ್ ಡಬ್ಬ, ಡಿಸೆಂಬರ್ ಬೆಳಗಾದ್ದರಿಂದ ಪಕ್ಕಕ್ಕೊಂದು ಬೆಚ್ಚಗಿನ ನೀರಿನ ಬಾಟಲ್. ಭಾನುವಾರ ಆರಕ್ಕೆ ಬನಶಂಕರಿ ಬಿಟ್ಟರೆ ಮುಕ್ಕಾಲು ಗಂಟೆ ಚಿಲ್ಲರೆ. ವಾರದ ದಿನ ಹೆಬ್ಬಾಳದ ಹತ್ತಿರ ನಿಂತು ಕವರ್ ನೋಡುತ್ತಾ ಕೂರೋ ಹಣೆಬರಹ ಬೇಡ.

ಅಲ್ಲಿ ಹದಿನೈದು ನಿಮಿಷ ತೇಲಿಸಿ, ಕವರ್ ಕತ್ತರಿಸಿ, ಕೂಡಲೇ ಮೀನು ದಾಟಿಸಿದ್ದು. ತೆರೆದ ಕವರಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಏರುತ್ತೆ, ಅಲ್ಲಿವರೆಗೂ ಸುಮ್ಮನಿದ್ದ ಅಮೋನಿಯ ವಿಷವಾಗುತ್ತೆ. ಅದಕ್ಕೇ ಅಲ್ಲಿ ಡ್ರಿಪ್ ಹಾಕಲಿಲ್ಲ. ಕವರ್ ನೀರು ಟ್ಯಾಂಕಿಗೆ ಹಾಕಬಾರದು.

ಎರಡು ದಿನ ತೂತಿನ ಡಬ್ಬದೊಳಗೆ ಟ್ರಿಗರ್ ಕಣ್ಣೆದುರೇ ಇಟ್ಟರು. ಬಿಡೋ ಮುಂಚೆ ನಾಲ್ಕು ಕಲ್ಲಿನ ಜಾಗ ಬದಲು, ಲೈಟ್ ಆಫ್. ಟ್ರಿಗರ್ ಒಂದು ಸುತ್ತು ಅಟ್ಟಿಸಿ ಸುಮ್ಮನಾಯಿತು. ಪೆಟ್ಟಿಗೆ ಈಗ ರಾಜಾಜಿನಗರದಲ್ಲಿ ಒಂದು ಸಿಕ್ಸ್‌ಲೈನ್ ರಾಸ್ ಮೀನಿಗೆ ಕಾಯುತ್ತಿದೆ, "ಸಿಗಲ್ಲ" ಅಂದವರ ಟ್ಯಾಂಕಿನಲ್ಲೇ.