ಸಾಯುವ ಮಾತು ಬಂದಾಗ: ಏನು ಕೇಳಬೇಕು, ಮನೆಯಿಂದ ಏನು ಎತ್ತಿಡಬೇಕು

"ಇನ್ನು ಸಾಕು ಅನ್ನಿಸಿದೆ" ಎಂದು ಯಾರಾದರೂ ಅಂದರೆ ಮನೆಯವರು ಮಾತು ತಿರುಗಿಸುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ. ಹಾಗಾಗುವುದಿಲ್ಲ, ನೇರವಾಗಿ ಕೇಳಿದರೆ ಎಷ್ಟೋ ಮಂದಿಗೆ ಎದೆ ಹಗುರಾಗುತ್ತದೆ. ಆದರೆ "ಅಂಥ ಯೋಚನೆ ಏನೂ ಇಲ್ಲ ತಾನೇ?" ಎಂದು ಕೇಳಬೇಡಿ. "ಇಲ್ಲ" ಎಂಬ ಉತ್ತರವನ್ನು ನೀವೇ ಬಾಯಿಗಿಟ್ಟಂತೆ.

ನಾಲ್ಕು ಜನರ ಮುಂದೆ ಬೇಡ. ಒಬ್ಬರೇ ಇರುವಾಗ ಪಕ್ಕದಲ್ಲಿ ಕೂತು ಒಂದೊಂದಾಗಿ ಕೇಳಿ. "ಬದುಕು ಬೇಡ ಅನ್ನಿಸುತ್ತಿದೆಯಾ?" ಆಮೇಲೆ, "ಸಾಯಬೇಕು ಅಂತ ಯೋಚಿಸಿದ್ದೀಯಾ?" ಹೌದೆಂದರೆ, "ಹೇಗೆ, ಯಾವಾಗ ಅಂತಲೂ ಯೋಚಿಸಿದ್ದೀಯಾ?" ಕೊನೆಗೆ, "ಹಿಂದೆ ಪ್ರಯತ್ನಿಸಿದ್ದಿದೆಯಾ?" ಹಿಂದಿನ ಪ್ರಯತ್ನಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿಲ್ಲ. ಬೇಸರ ಮಾತ್ರ ಇದ್ದರೆ ಆ ವಾರದಲ್ಲೇ ವೈದ್ಯರನ್ನು ಕಾಣಿ. ಹೇಗೆ, ಯಾವಾಗ ಎಂಬುದಕ್ಕೆ ಉತ್ತರ ಸಿದ್ಧವಿದ್ದರೆ ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. "ಯಾರಿಗೂ ಹೇಳಲ್ಲ" ಎಂದು ಮಾತ್ರ ಮಾತು ಕೊಡಬೇಡಿ. "ಮಕ್ಕಳ ಮುಖ ನೋಡು" ಎಂಬ ಬುದ್ಧಿಮಾತೂ ಬೇಡ. ತಾನು ಮನೆಗೆ ಹೊರೆ ಎಂದುಕೊಂಡವರಿಗೆ ಅದು ಇನ್ನೊಂದು ಹೊರೆ.

ಖಿನ್ನತೆ, ಕುಡಿತ, ವಾಸಿಯಾಗದ ನೋವು, ಸಾಲ, ಮನೆಯೊಳಗಿನ ಹೊಡೆತ, ಹತ್ತಿರದವರ ಸಾವು ಇವೆಲ್ಲ ಅಪಾಯ ಹೆಚ್ಚಿಸುತ್ತವೆ. 2018ರ ಆಗಸ್ಟ್‌ನ ಕೊಡಗಿನ ಭೂಕುಸಿತದಲ್ಲಿ ಮನೆ, ತೋಟ ಕಳೆದುಕೊಂಡವರಿಗೆ ಪ್ರತಿ ಮಳೆಗಾಲವೂ ಹಳೆಯದನ್ನು ಕೆದಕಬಹುದು. ಆದರೆ ಇವನ್ನು ಕೂಡಿಸಿ ಅಂಕ ಹಾಕಿ ಯಾರೂ ಭವಿಷ್ಯ ಹೇಳಲಾರರು. ಹೊಸದಾಗಿ ಏನು ಬದಲಾಗಿದೆ ಎಂಬುದನ್ನು ಗಮನಿಸಿ: ನಿದ್ದೆ ಹೋಗಿದೆಯೇ, ಕುಡಿತ ಏರಿದೆಯೇ, ಇಷ್ಟದ ವಸ್ತುಗಳನ್ನು ಹಂಚುತ್ತಿದ್ದಾರೆಯೇ, ಬಹಳ ದಿನ ಕುದಿದವರು ಕಾರಣವಿಲ್ಲದೆ ಶಾಂತರಾಗಿದ್ದಾರೆಯೇ.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಒತ್ತು ಕೊಡಬೇಕಾದ್ದು ಬೇರೆಯೇ ಇದೆ. ತೀವ್ರ ಆವೇಗ ಹೆಚ್ಚಾಗಿ ಅಲ್ಪಕಾಲದ್ದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆಟುಕದಿದ್ದರೆ ಬಹಳ ಮಂದಿ ಬದುಕುತ್ತಾರೆ. ಕೊಡಗಿನ ಅನೇಕ ಮನೆಗಳಲ್ಲಿ ಕೋವಿ ಇದೆ, ತೋಟದ ಶೆಡ್ಡಿನಲ್ಲಿ ಕೀಟನಾಶಕ ಇದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೋಳ್ದ್‌ಗೆ ಪೂಜಿಸುವ ಕೋವಿಯನ್ನು ಕೆಲವು ತಿಂಗಳು ಮನೆಯಿಂದ ದೂರ ಇಡುವುದರಲ್ಲಿ ಅವಮಾನವೇನೂ ಇಲ್ಲ. ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ಅಲ್ಲಿಯವರೆಗೆ ಕೋವಿ ಒಂದು ಬೀಗದಲ್ಲಿ, ಗುಂಡಿನ ತೋಟೆ ಇನ್ನೊಂದರಲ್ಲಿ, ಎರಡೂ ಕೀಲಿ ಆ ವ್ಯಕ್ತಿಗೆ ಗೊತ್ತಿಲ್ಲದ ಕಡೆ ಇರಲಿ. ಕೀಟನಾಶಕವನ್ನು ಆ ದಿನಕ್ಕೆ ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಮನೆಯ ಹೊರಗೆ ಬೀಗದಲ್ಲಿಡಿ. ಮಾತ್ರೆಗಳನ್ನು ಇನ್ನೊಬ್ಬರು ದಿನಕ್ಕಷ್ಟು ಎಣಿಸಿ ಕೊಡಲಿ. ಕೂಲಿಕಾರರ ಲೈನ್ ಮನೆಗಳಿರುವ ತೋಟದಲ್ಲಿ ಶೆಡ್ಡಿನ ಕೀಲಿ ಗೋಡೆಯ ಮೊಳೆಗೆ ನೇತಾಡುತ್ತಿದ್ದರೆ ಬೀಗ ಹಾಕಿಯೂ ಹಾಕದಂತೆ.

ವಿಷ ಸೇವಿಸಿದ್ದು ಗೊತ್ತಾದರೆ ವಾಂತಿ ಮಾಡಿಸಬೇಡಿ, ಉಪ್ಪು ನೀರು ಬೇಡ. ಮಂಪರಿದ್ದರೆ ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ, ಡಬ್ಬಿಯನ್ನೋ ಲೇಬಲ್ಲನ್ನೋ ಜೊತೆಗೆ ಒಯ್ಯಿರಿ. ಈಗ ಚೆನ್ನಾಗಿದ್ದಾರೆ ಎಂದು ಕಾಯಬೇಡಿ, ಕೆಲವು ವಿಷಗಳು ತಡವಾಗಿ ಕೆಲಸ ಮಾಡುತ್ತವೆ. ಕೇಸಾಗುತ್ತದೆಂದು ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ ಸಾಯಲು ಪ್ರಯತ್ನಿಸಿದವರನ್ನು, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು ಅತಿ ಸೂಕ್ಷ್ಮ, "ಗುಣವಾಯಿತಲ್ಲ" ಎಂದು ಎಲ್ಲರೂ ಸಡಿಲಾಗುವುದು ಆಗಲೇ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬಾರದು.

ಆ ವ್ಯಕ್ತಿಯ ಜೊತೆ ಕೂತು ಒಂದು ಹಾಳೆ ಬರೆಯಿರಿ: ಮನಸ್ಸು ಕೆಡುವ ಮೊದಲ ಲಕ್ಷಣ, ಆಗ ತಾನೇ ಮಾಡಬಹುದಾದ ಎರಡು ಕೆಲಸ, ಕರೆಯಬಹುದಾದ ಇಬ್ಬರು, ಹೋಗಬೇಕಾದ ಆಸ್ಪತ್ರೆ. ಕೆಳಗೆ ದಿನವಿಡೀ ಉಚಿತವಾಗಿ ಕನ್ನಡದಲ್ಲಿ ಮಾತಾಡುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ತುರ್ತಿಗೆ 112. ಫೋನಿನಲ್ಲಿ ಮಾತ್ರ ಬರೆದಿಟ್ಟರೆ ಜುಲೈನಲ್ಲಿ ಕರೆಂಟು ಹೋಗಿ ಚಾರ್ಜ್ ಮುಗಿದಾಗ ಸಿಗದು. ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಕ್ಕಿ ಡಬ್ಬದ ಮುಚ್ಚಳದ ಒಳಬದಿಗೆ ಅಂಟಿಸಿ. ನೆಟ್‌ವರ್ಕ್ ಇರದ ಮನೆಯಾದರೆ, ಯಾವ ತಿರುವಿನಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನೂ ಅದರಲ್ಲೇ ಬರೆಯಿರಿ.